ಕೂಡಿಹಾಕಿದ ವಿದೇಶಿಯರಿಗೆ ಖಾಸಗಿ ಗಾರ್ಡ್ ಕಾವಲು: ಆ ಗಾರ್ಡ್ ಮೇಲೆ ಸರ್ಕಾರದ ಕಣ್ಣು ಇದೆಯಾ?

ಚೆಂಬೂರಿನವ

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಾನು ಬಾಗಲಕೋಟೆ ಕಡೆಯವನು. 1998ರಲ್ಲಿ ಮುಂಬೈಗೆ ಬಂದೆ. ಮೊದಲು ಗಾರ್ಡ್, ಆಮೇಲೆ ಸೂಪರ್‌ವೈಸರ್, ಕೊನೆಗೆ ಫೀಲ್ಡ್ ಆಫೀಸರ್. 22 ವರ್ಷ ಸೆಕ್ಯೂರಿಟಿ ಲೈನಿನಲ್ಲೇ ಇದ್ದೆ. ಸೊಸೈಟಿ ಗೇಟು, ಬ್ಯಾಂಕು, ಮಾಲ್, ಗೋಡೌನು, ಎಲ್ಲ ನೋಡಿದ್ದೇನೆ. ಒಂದು ಡ್ಯೂಟಿ ಮಾತ್ರ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಆಗ ನಮ್ಮ ಏಜೆನ್ಸಿಗೆ ಒಂದು ಏರ್‌ಪೋರ್ಟಿನಲ್ಲಿ ಒಂದು ಏರ್‌ಲೈನ್ಸ್ ಕೆಲಸ ಇತ್ತು. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. "ಒಬ್ಬ ಪ್ಯಾಸೆಂಜರ್ ಇದ್ದಾನೆ, ಇಮಿಗ್ರೇಶನ್‌ನವರು ಒಳಗೆ ಬಿಟ್ಟಿಲ್ಲ, ವಾಪಸ್ ಕಳಿಸಬೇಕು, ಫ್ಲೈಟ್ ನಾಡಿದ್ದು ಬೆಳಗ್ಗೆ, ಅಲ್ಲಿವರೆಗೆ ಒಬ್ಬ ಗಾರ್ಡ್ ಕೊಡಿ." ಹೀಗೆ ಒಳಗೆ ಬಿಡದವರನ್ನು ಕರೆತಂದ ಏರ್‌ಲೈನ್ಸೇ ವಾಪಸ್ ಒಯ್ಯಬೇಕು, ಅದು ಅಂತರರಾಷ್ಟ್ರೀಯ ನಿಯಮ. ನಾನು ಒಬ್ಬ ಹುಡುಗನನ್ನು ಕಳಿಸಿದೆ. ಹನ್ನೆರಡು ಗಂಟೆ ಡ್ಯೂಟಿ. ಬೆಳಗ್ಗೆ ಬದಲಿಗೆ ಬರಬೇಕಾದ ರಿಲೀವರ್ ಬರಲಿಲ್ಲ, ಡಬಲ್ ಡ್ಯೂಟಿ ಆಯಿತು.

ಸಂಜೆ ಆ ಪ್ಯಾಸೆಂಜರ್‌ಗೆ ಹೊಟ್ಟೆನೋವು ಶುರುವಾಯಿತು. ಇಪ್ಪತ್ತೈದರ ಒಳಗಿನ ಹುಡುಗ, ಅವನಿಗೆ ಹಿಂದಿ ಬರುವುದಿಲ್ಲ, ನಮ್ಮ ಗಾರ್ಡ್‌ಗೆ ಇಂಗ್ಲಿಷ್ ಬರುವುದಿಲ್ಲ. ಡಾಕ್ಟರ್ ಅಂದ, ಫೋನ್ ಅಂದ, ಅಷ್ಟು ಅರ್ಥವಾಯಿತು. ಗಾರ್ಡ್ ನನಗೆ ಫೋನ್ ಮಾಡಿದ. ನಾನು ಏರ್‌ಲೈನ್ಸ್ ಕೌಂಟರಿಗೆ ಮಾಡಿದೆ. ಅವರು ಇಮಿಗ್ರೇಶನ್‌ಗೆ ಕೇಳಿ ಅಂದರು. ಅಲ್ಲಿ ಕೇಳಿಸಿದರೆ, ಅವನು ಏರ್‌ಲೈನ್ಸ್ ಜವಾಬ್ದಾರಿ ಅಂದರು. ಹೀಗೆ ಮೂರು ಗಂಟೆ ಹೋಯಿತು. ಆ ಮೂರು ಗಂಟೆ ಬಾಗಿಲ ಹೊರಗೆ ನಿಂತಿದ್ದವನು ತಿಂಗಳಿಗೆ ಆರೇಳು ಸಾವಿರ ಸಂಬಳದ, ಎರಡನೇ ರಾತ್ರಿಗೂ ನಿದ್ದೆ ಇಲ್ಲದ ನಮ್ಮ ಹುಡುಗ. ಬಾಗಿಲು ತೆರೆಯಬಹುದಾ, ತನ್ನ ಮೊಬೈಲ್ ಕೊಡಬಹುದಾ, ನೀರು ತಂದುಕೊಡಲು ಜಾಗ ಬಿಟ್ಟರೆ ಕೆಲಸ ಹೋಗುತ್ತದಾ, ಒಂದೂ ಗೊತ್ತಿಲ್ಲ. ಬರೆದುಕೊಟ್ಟ ಆರ್ಡರ್ ಒಂದು ಸಾಲೂ ಇರಲಿಲ್ಲ.

ಕೊನೆಗೆ ಶಿಫ್ಟ್ ಬದಲಾದಾಗ ಏರ್‌ಲೈನ್ಸ್‌ನ ಒಬ್ಬ ಹೆಣ್ಣುಮಗಳು ಬಂದು ಡಾಕ್ಟರನ್ನು ಕರೆಸಿದಳು. ಹುಡುಗ ಸುಧಾರಿಸಿಕೊಂಡ, ಮರುದಿನ ಹೋದ. ಆಮೇಲೆ ಡ್ಯೂಟಿ ಬುಕ್ಕಿನಲ್ಲಿ ಏನು ಬರೆಯಲಿ ಅಂತ ಗಾರ್ಡ್ ಕೇಳಿದ. "ಆಲ್ ಓಕೆ ಬರೆ" ಅಂದೆ. ಅವನು ಬರೆದ. ಯಾರೂ ಆ ಬುಕ್ ನೋಡಲೂ ಇಲ್ಲ, ಕೇಳಲೂ ಇಲ್ಲ.

ಹೋದ ವಾರ ಮಗಳು ಅಮೆರಿಕದ ಸುದ್ದಿ ಓದಿ ಹೇಳುತ್ತಿದ್ದಳು. ಅಲ್ಲಿ ವೀಸಾ ಮುಗಿದವರನ್ನು, ಪೇಪರ್ ಇಲ್ಲದವರನ್ನು ಇಡುವ ದೊಡ್ಡ ಕೇಂದ್ರಗಳಲ್ಲಿ ಹೆಚ್ಚಿನವು ಖಾಸಗಿ ಕಂಪನಿಗಳ ಕೈಯಲ್ಲಿವೆಯಂತೆ. ನನಗೆ ಆ ಕೋಣೆ ನೆನಪಾಯಿತು. ಒಂದು ಕೋಣೆ, ಒಬ್ಬ ಹುಡುಗ, ಒಂದೂವರೆ ದಿನ, ಅಷ್ಟಕ್ಕೇ ಹೀಗಾಯಿತು. ಸಾವಿರ ಜನ, ತಿಂಗಳುಗಟ್ಟಲೆ ಇದ್ದರೆ? ನಾಳೆ ನಮ್ಮ ದೇಶದಲ್ಲೂ ಇಂಥ ಕಾವಲು ಟೆಂಡರಿಗೆ ಬಂದರೆ? ಗಾರ್ಡ್ ಕೆಲಸ ಕಂಪನಿಗೆ ಕೊಡಬಹುದು. ಆದರೆ ಒಬ್ಬ ಮನುಷ್ಯನನ್ನು ಕೂಡಿಹಾಕಿದ್ದು ಸರ್ಕಾರ ಅಂದಮೇಲೆ, ರಾತ್ರಿ ಎರಡು ಗಂಟೆಗೂ ಜವಾಬ್ದಾರಿ ಹೊತ್ತ ಒಬ್ಬ ಸರ್ಕಾರಿ ಮನುಷ್ಯ ಅಲ್ಲಿ ಇರಬೇಕು. ಇದು ನನ್ನ ಮಾತು. ನೀವೇನು ಹೇಳುತ್ತೀರಿ?

ಡೊಂಬಿವಲಿ ಫಾಸ್ಟ್

ಅಣ್ಣಾ, ನಿಮ್ಮ ಮನಸ್ಸು ಒಳ್ಳೆಯದು, ಇಲ್ಲ ಅನ್ನಲ್ಲ. ಆದರೆ ಒಂದು ನೇರ ಪ್ರಶ್ನೆ. ಪೇಪರ್ ಇಲ್ಲದೆ ಇನ್ನೊಬ್ಬರ ದೇಶಕ್ಕೆ ನುಗ್ಗಿದವರಿಗೆ ಇಷ್ಟೆಲ್ಲ ಯಾಕೆ? ನಮ್ಮ ಜನರಿಗೇ ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದಿಲ್ಲ. ನಾನು ದಿನಾ ಬೆಳಗ್ಗೆ 7.12ರ ಲೋಕಲ್‌ನಲ್ಲಿ ಬಾಗಿಲಿಗೆ ಜೋತಾಡಿಕೊಂಡು ಹೋಗುತ್ತೇನೆ, ನನ್ನ ಟ್ಯಾಕ್ಸ್ ಹಣದಲ್ಲಿ ಅವರಿಗೆ ಡಾಕ್ಟರ್, ಟಿವಿ, ವಕೀಲರು. ಖಾಸಗಿಯವರು ಕಮ್ಮಿ ಖರ್ಚಿನಲ್ಲಿ ಕಾಯುತ್ತಾರೆ ಅಂದರೆ ಕಾಯಲಿ ಬಿಡಿ. ತಪ್ಪು ಮಾಡಿದ ಗಾರ್ಡ್ ಇದ್ದರೆ ಪೊಲೀಸ್ ಕೇಸ್ ಹಾಕಲಿ. ಅದಕ್ಕೆ ಬೇರೆ ಉಸ್ತುವಾರಿ ಯಾಕೆ?

ಪುಣೆ ವಕೀಲೆ

ಡೊಂಬಿವಲಿಯವರೇ, ನಿಮ್ಮ ಪ್ರಶ್ನೆ ಬಹಳ ಜನರ ಮನಸ್ಸಿನಲ್ಲಿದೆ. ಅದಕ್ಕೇ ಉತ್ತರ ಬರೆಯುತ್ತೇನೆ.

ಸಂವಿಧಾನದ 14ನೇ ವಿಧಿ, 21ನೇ ವಿಧಿ "ನಾಗರಿಕ" ಅನ್ನುವುದಿಲ್ಲ, "ವ್ಯಕ್ತಿ" ಅನ್ನುತ್ತವೆ. ವಿದೇಶಿಯನಿಗೆ ಇಲ್ಲಿ ಇರುವ ಹಕ್ಕು ಇಲ್ಲ, ಆದರೆ ಜೀವದ ಹಕ್ಕು ಇದೆ. 1991ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತು, 1996ರ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಮತ್ತೆ ಹೇಳಿತು. ದೇಶದಿಂದ ಕಳಿಸಬಹುದು, ಆದರೆ ಕಳಿಸುವವರೆಗೆ ಅವನ ಪ್ರಾಣ ಸರ್ಕಾರದ ಹೊಣೆ.

ಇನ್ನೊಂದು ವಿಷಯ. ಇಂಥ ಕೇಂದ್ರದಲ್ಲಿ ಇರುವುದು ಶಿಕ್ಷೆ ಅಲ್ಲ. ಶಿಕ್ಷೆ ಮುಗಿಸಿದವನೂ ಅಲ್ಲಿರುತ್ತಾನೆ, ತನ್ನ ದೇಶದ ರಾಯಭಾರ ಕಚೇರಿಯಿಂದ ಪೇಪರ್ ಬರಲಿ ಅಂತ ಕಾಯುತ್ತಾನೆ. ಆ ಕಚೇರಿ ಉತ್ತರ ಕೊಡದಿದ್ದರೆ ಅವನು ವರ್ಷಗಟ್ಟಲೆ ಕಾಯಬೇಕು. ಜೈಲಿನಲ್ಲಿ ಶಿಕ್ಷೆ ಅನುಭವಿಸುವವನಿಗೆ ಬಿಡುಗಡೆ ತಾರೀಕು ಗೊತ್ತಿರುತ್ತದೆ. ಇವನಿಗೆ ಅದೂ ಇಲ್ಲ.

ನಮ್ಮಲ್ಲಿ 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. 2019ರ ಜನವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಬಂಧನ ಕೇಂದ್ರಗಳಿಗೆ ಒಂದು ಮಾದರಿ ಕೈಪಿಡಿ ಕಳಿಸಿತ್ತು. ಹೆಂಗಸರಿಗೆ ಬೇರೆ ಜಾಗ, ಒಂದೇ ಮನೆಯವರನ್ನು ಬೇರೆ ಮಾಡಬಾರದು, ಔಷಧಿ, ನೀರು, ಎಲ್ಲ ಅದರಲ್ಲಿದೆ. ಪೇಪರ್ ಮೇಲೆ ಚೆನ್ನಾಗಿದೆ. ಆದರೆ ಅಸ್ಸಾಂನ ಗೋಲ್ಪಾರಾ ಜಿಲ್ಲೆಯ ಮಟಿಯಾ ಕೇಂದ್ರ ನೋಡಿ. 3000 ಜನ ಹಿಡಿಸುವ ಜಾಗ. 2024ರಲ್ಲಿ ಅಲ್ಲಿನ ಊಟ, ಶುಚಿತ್ವದ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟ್ ರಾಜ್ಯದ ಕಾನೂನು ಸೇವಾ ಪ್ರಾಧಿಕಾರಕ್ಕೆ, ಹೇಳದೆ ಕೇಳದೆ ಹೋಗಿ ನೋಡಿ ಬನ್ನಿ ಅಂತ ಸೂಚಿಸಿತು. ಆ "ಹೇಳದೆ ಕೇಳದೆ" ಅನ್ನುವುದೇ ಮುಖ್ಯ.

ಚೆಂಬೂರ್ ಸರ್, ನಿಮಗೂ ಒಂದು ಮಾತು. ನಿಮ್ಮ ಆ ಗಾರ್ಡ್‌ಗೆ ಆ ಹುಡುಗನನ್ನು ತಡೆಯುವ ಯಾವ ಅಧಿಕಾರ ಇತ್ತು ಯೋಚಿಸಿದ್ದೀರಾ? ಖಾಸಗಿ ಗಾರ್ಡ್‌ಗೆ ಪೊಲೀಸ್ ಅಧಿಕಾರ ಇಲ್ಲ. ಸಾಮಾನ್ಯ ಮನುಷ್ಯ ಕಣ್ಣೆದುರಿಗೆ ಗಂಭೀರ ಅಪರಾಧ ಮಾಡಿದವನನ್ನು ಹಿಡಿದು ತಕ್ಷಣ ಪೊಲೀಸರಿಗೆ ಒಪ್ಪಿಸಬಹುದಲ್ಲ, ಅಷ್ಟೇ ಅಧಿಕಾರ. ಕಾನೂನಿನ ಬಲ ಇಲ್ಲದೆ ಆ ಗಾರ್ಡನ್ನು ಅಲ್ಲಿ ನಿಲ್ಲಿಸಿದ್ದರು. ಹುಡುಗನಿಗೂ ಅನ್ಯಾಯ, ಗಾರ್ಡ್‌ಗೂ ಅನ್ಯಾಯ.

ಅಂಧೇರಿ ನರ್ಸ್

ನಾನು ಉಡುಪಿಯವಳು, ಈಗ ಅಂಧೇರಿಯಲ್ಲಿದ್ದೇನೆ. ಮಧ್ಯೆ ಆರು ವರ್ಷ ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದೆ. ಅಲ್ಲಿ ಇಂಥ ಕೇಂದ್ರದಿಂದ ಪೇಷೆಂಟ್ ಬರುತ್ತಿದ್ದರು. ಕೈಗೆ ಕೋಳ, ಎರಡು ಬದಿಗೆ ಇಬ್ಬರು ಗಾರ್ಡ್. ನಾನು ಮೊದಲ ಸಲ ದೊಡ್ಡ ಕಳ್ಳನೇ ಇರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ವೀಸಾ ಮುಗಿದ ಮನುಷ್ಯ. ಬಿಪಿ ನೋಡುವಾಗಲೂ ಕೋಳ ಬಿಚ್ಚಲಿಲ್ಲ. ನಮ್ಮ ಸಿಸ್ಟರ್ ಜಗಳ ಮಾಡಿ ಬಿಚ್ಚಿಸಿದಳು.

ಆ ದೇಶದ ಕಥೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಉಸ್ತುವಾರಿ ಇಲ್ಲ ಅನ್ನುವ ಹಾಗಿಲ್ಲ. ಇದೆ, ಜಾಸ್ತಿಯೇ ಇದೆ. ಗಾರ್ಡ್‌ಗೆ ಸರ್ಕಾರದ ಸರ್ಟಿಫಿಕೇಟ್ ಬೇಕು. ಜೈಲು ಇನ್‌ಸ್ಪೆಕ್ಟರೇಟ್ ಬಂದು ನೋಡುತ್ತದೆ. ಊರಿನ ಸಾಮಾನ್ಯ ಜನರೇ ಸ್ವಯಂಸೇವಕರಾಗಿ ಒಳಗೆ ಹೋಗಿ ನೋಡುವ ಮಂಡಳಿ ಇದೆ. ಸರ್ಕಾರದ ಆಫೀಸರ್ ಕೂಡ ಕೇಂದ್ರದಲ್ಲೇ ಕೂತಿರುತ್ತಾರೆ.

ಆದರೂ ಏನಾಯಿತು? ಗ್ಯಾಟ್‌ವಿಕ್ ಏರ್‌ಪೋರ್ಟ್ ಪಕ್ಕ ಬ್ರೂಕ್ ಹೌಸ್ ಅಂತ ಕೇಂದ್ರ. 2009ರಿಂದ ಜಿ4ಎಸ್ ಕಂಪನಿ ನಡೆಸುತ್ತಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಒಳಗಿನ ವೀಡಿಯೋ ತೋರಿಸಿತು. ಅದನ್ನು ತೆಗೆದವನು ಅಲ್ಲೇ ಕೆಲಸ ಮಾಡುತ್ತಿದ್ದ ಚಿಕ್ಕ ವಯಸ್ಸಿನ ಗಾರ್ಡ್. ಬಟ್ಟೆಯೊಳಗೆ ಕ್ಯಾಮೆರಾ ಇಟ್ಟುಕೊಂಡು ಡ್ಯೂಟಿ ಮಾಡಿದ್ದ. ನಾವು ಆಸ್ಪತ್ರೆಯ ಸ್ಟಾಫ್ ರೂಮಿನಲ್ಲಿ ಕೂತು ನೋಡಿದೆವು. ಒಬ್ಬ ಗಾರ್ಡ್ ಬಂಧಿತನ ಕುತ್ತಿಗೆ ಹಿಸುಕುತ್ತಿದ್ದಾನೆ. ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಆಮೇಲೆ ವಿಚಾರಣೆ ಆಯಿತು. ಕೇಟ್ ಈವ್ಸ್ ಅನ್ನುವವರು ಅಧ್ಯಕ್ಷೆ. 2023ರ ಸೆಪ್ಟೆಂಬರ್‌ನಲ್ಲಿ ವರದಿ ಬಂತು. ಬರೀ ಐದು ತಿಂಗಳಲ್ಲಿ, 2017ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ, ಅಮಾನವೀಯ ಅನ್ನಬಹುದಾದ 19 ಘಟನೆ. 33 ಶಿಫಾರಸು ಕೊಟ್ಟರು. ಯಾರನ್ನೂ 28 ದಿನಕ್ಕಿಂತ ಜಾಸ್ತಿ ಇಡಬಾರದು ಅನ್ನುವುದು ಅದರಲ್ಲಿ ಒಂದು.

ನನಗೆ ಇವತ್ತಿಗೂ ಅರ್ಥವಾಗದ ವಿಷಯ ಇದು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧಕರು 2019ರಲ್ಲಿ ಲೆಕ್ಕ ತೆಗೆದರು. 2012ರಿಂದ 2018ರ ನಡುವೆ ಆ ಒಂದು ಕೇಂದ್ರದಿಂದ ಕಂಪನಿಗೆ 1 ಕೋಟಿ 43 ಲಕ್ಷ ಪೌಂಡ್ ಲಾಭ. ವೀಡಿಯೋದಲ್ಲಿ ಕಂಡ ಹೆಚ್ಚಿನ ಕೆಟ್ಟ ನಡವಳಿಕೆಗೆ ಕಾಂಟ್ರಾಕ್ಟ್ ಪ್ರಕಾರ ದಂಡ ಹಾಕಲು ಬರುತ್ತಿರಲಿಲ್ಲ. ಮನುಷ್ಯನಿಗೆ ಹೊಡೆದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಕಾಂಟ್ರಾಕ್ಟ್ ಬರೆದಿದ್ದರು. ಇಷ್ಟು ಬೋರ್ಡು, ಇನ್‌ಸ್ಪೆಕ್ಟರ್ ಇದ್ದೂ ಸತ್ಯ ಹೊರಗೆ ಬಂದದ್ದು ಒಬ್ಬ ಹುಡುಗನ ಬಟ್ಟೆಯೊಳಗಿನ ಕ್ಯಾಮೆರಾದಿಂದ.

ಡೊಂಬಿವಲಿಯವರೇ, ಪೊಲೀಸ್ ಕೇಸ್ ಹಾಕಲಿ ಅಂದಿರಿ. ಜಿಮ್ಮಿ ಮುಬೆಂಗಾ ಅಂತ ಅಂಗೋಲಾದವರು, ಅವರನ್ನು ಬ್ರಿಟನ್ನಿನಿಂದ ವಾಪಸ್ ಕಳಿಸುತ್ತಿದ್ದರು. 2010ರ ಅಕ್ಟೋಬರ್‌ನಲ್ಲಿ ಹೀಥ್ರೋದಲ್ಲಿ ವಿಮಾನದ ಸೀಟಿನಲ್ಲೇ ಸತ್ತರು, ಅದೇ ಜಿ4ಎಸ್ ಕಂಪನಿಯ ಮೂವರು ಗಾರ್ಡ್ ಅವರನ್ನು ಬಗ್ಗಿಸಿ ಹಿಡಿದಿದ್ದರು. ಉಸಿರಾಡಲು ಆಗುತ್ತಿಲ್ಲ ಅಂತ ಕೂಗಿದ್ದು ಬೇರೆ ಪ್ಯಾಸೆಂಜರ್‌ಗಳಿಗೆ ಕೇಳಿಸಿತ್ತು. 2013ರಲ್ಲಿ ಸಾವಿನ ವಿಚಾರಣೆಯ ಜ್ಯೂರಿ ಇದು ಕಾನೂನುಬಾಹಿರ ಕೊಲೆ ಅಂದಿತು. 2014ರಲ್ಲಿ ಕ್ರಿಮಿನಲ್ ಕೋರ್ಟ್ ಮೂವರನ್ನೂ ಬಿಡುಗಡೆ ಮಾಡಿತು. ಕೇಸ್ ಅನ್ನುವುದು ಸತ್ತಮೇಲೆ ಬರುತ್ತದೆ. ಉಸ್ತುವಾರಿ ಬೇಕಾಗಿರುವುದು ಅದಕ್ಕೆ ಮೊದಲು.

ಠಾಣೆ ಏಜೆನ್ಸಿ

ನಾನು ಸಣ್ಣ ಏಜೆನ್ಸಿ ನಡೆಸುತ್ತೇನೆ, 140 ಗಾರ್ಡ್. ಎಲ್ಲರೂ ಏಜೆನ್ಸಿಯವರನ್ನು ಬೈಯುತ್ತಾರೆ, ನಮ್ಮ ಕಡೆಯದನ್ನೂ ಕೇಳಿ.

ಟೆಂಡರ್ ಬರುತ್ತದೆ. ಯಾರು ಕಮ್ಮಿ ರೇಟು ಹಾಕುತ್ತಾರೋ ಅವರಿಗೆ ಕೆಲಸ. ಮಿನಿಮಮ್ ವೇಜಸ್ ಸರ್ಕಾರ ನಿಗದಿ ಮಾಡಿರುತ್ತದೆ, ಪಿಎಫ್‌ಗೆ ಮಾಲೀಕನ ಪಾಲು 12 ಪರ್ಸೆಂಟ್, ಇಎಸ್‌ಐಗೆ 3.25 ಪರ್ಸೆಂಟ್, ಯೂನಿಫಾರ್ಮು, ಬೂಟು, ರಿಲೀವರ್ ಖರ್ಚು ಬೇರೆ. ಇದೆಲ್ಲ ಸರಿಯಾಗಿ ಹಾಕಿದವನಿಗೆ ಟೆಂಡರ್ ಸಿಗುವುದೇ ಇಲ್ಲ. ಸಿಕ್ಕವನು ಎಲ್ಲೋ ಕತ್ತರಿಸಲೇಬೇಕು. ಎಲ್ಲಿ ಕತ್ತರಿಸುತ್ತಾನೆ? ಟ್ರೇನಿಂಗ್‌ನಲ್ಲಿ, ರಿಲೀವರ್‌ನಲ್ಲಿ. ಬಿಲ್ಲು ಮೂರು ತಿಂಗಳು ತಡವಾಗಿ ಪಾಸಾಗುತ್ತದೆ. ಸಂಬಳ ಮಾತ್ರ ಏಳನೇ ತಾರೀಕಿಗೆ ಕೊಡಬೇಕು.

ಕೆಲಸ ಕೊಡುವ ಇಲಾಖೆಗೆ ಇದೆಲ್ಲ ಗೊತ್ತಿರುವುದಿಲ್ಲವಾ? ಗೊತ್ತಿರುತ್ತದೆ. ಮೂರು ಶಿಫ್ಟಿಗೆ ಎಷ್ಟು ಜನ ಬೇಕು ಅನ್ನುವುದು ಸುಲಭದ ಲೆಕ್ಕ. ಒಂದು ಪಾಯಿಂಟ್‌ಗೆ (ಒಬ್ಬ ಗಾರ್ಡ್ ನಿಲ್ಲುವ ಜಾಗ) ಎಂಟು ಗಂಟೆಯಂತೆ ಮೂವರು, ವಾರದ ರಜೆ ಸೇರಿಸಿದರೆ ಮೂರೂವರೆ ಜನ. ಟೆಂಡರಿನ ಹಣ ಎರಡು ಜನಕ್ಕೆ ಸಾಲುವಷ್ಟು ಇರುತ್ತದೆ. ಅಂದರೆ ಹನ್ನೆರಡು ಗಂಟೆ ಡ್ಯೂಟಿ ಟೆಂಡರ್ ಬರೆದ ದಿನವೇ ನಿರ್ಧಾರವಾಗಿರುತ್ತದೆ.

ದಂಡದ ಮಾತೂ ಹೇಳುತ್ತೇನೆ. ನನ್ನಂಥವನ ಮೇಲೆ ದಂಡ ಹಾಕಿದರೆ, ಕೆಲವರು ಅದನ್ನು ಗಾರ್ಡ್ ಸಂಬಳದಿಂದ ಕಡಿಯುತ್ತಾರೆ. ನಾನು ಕಡಿಯುವುದಿಲ್ಲ, ಆದರೆ ಕಡಿಯುವವರನ್ನು ನೋಡಿದ್ದೇನೆ. ಹಾಗಾಗಿ ಬರೀ ದಂಡ ಅಂದರೆ ಸಾಲದು, ಅದು ಯಾರ ಜೇಬಿಗೆ ತಗಲುತ್ತದೆ ನೋಡಬೇಕು.

ಆದರೆ ಅಣ್ಣಾ, ಮನುಷ್ಯರನ್ನು ಕೂಡಿಹಾಕುವ ಕೆಲಸ ಬಂದರೆ ನಾನಂತೂ ತೆಗೆದುಕೊಳ್ಳುವುದಿಲ್ಲ. ಗೋಡೌನಿನಲ್ಲಿ ಮಾಲು ಹೋದರೆ ಇನ್ಶೂರೆನ್ಸ್ ಇದೆ.

ಚೆಂಬೂರಿನವ

ಠಾಣೆಯವರೇ, ಮೂರೂವರೆ ಜನರ ಲೆಕ್ಕ ನೂರಕ್ಕೆ ನೂರು ಸರಿ. ನನ್ನ ಹುಡುಗನ ರಿಲೀವರ್ ಬರಲಿಲ್ಲ ಅಂತ ಬರೆದೆನಲ್ಲ. ನಿಜ ಹೇಳಬೇಕೆಂದರೆ ರಿಲೀವರ್ ಅನ್ನುವವನೇ ಇರಲಿಲ್ಲ.

ಟ್ರೇನಿಂಗ್ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. 2005ರಲ್ಲಿ ಖಾಸಗಿ ಭದ್ರತಾ ಏಜೆನ್ಸಿ ನಿಯಂತ್ರಣ ಕಾಯ್ದೆ ಬಂತು, ನಮ್ಮ ಲೈನಿನಲ್ಲಿ ಪಸಾರಾ ಅನ್ನುತ್ತಾರೆ. ಲೈಸೆನ್ಸ್ ಐದು ವರ್ಷಕ್ಕೆ. ಲೈಸೆನ್ಸ್ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ 25,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2006ರ ಮಾದರಿ ನಿಯಮದ ಪ್ರಕಾರ ಹೊಸ ಗಾರ್ಡ್‌ಗೆ 100 ಗಂಟೆ ಕ್ಲಾಸು, 60 ಗಂಟೆ ಫೀಲ್ಡು, ಕನಿಷ್ಠ 20 ದಿನ. ನಾನು ಕೆಲಸ ಮಾಡಿದ ಒಂದು ಕಡೆ ಹುಡುಗರು ಸೋಮವಾರ ಸೇರುತ್ತಿದ್ದರು, ಗುರುವಾರ ಸರ್ಟಿಫಿಕೇಟ್ ಹಿಡಿದು ಪಾಯಿಂಟ್‌ನಲ್ಲಿ ನಿಂತಿರುತ್ತಿದ್ದರು. ನಿಯಂತ್ರಣ ಅಧಿಕಾರಿ ಯಾವಾಗ ಬೇಕಾದರೂ ಬಂದು ರಿಜಿಸ್ಟರ್ ನೋಡಬಹುದು ಅಂತ ಕಾಯ್ದೆಯಲ್ಲಿದೆ. ನನ್ನ ಕಾಲದಲ್ಲಿ ತಪಾಸಣೆ ಬರುವ ಎರಡು ದಿನ ಮೊದಲು ಆಫೀಸಿಗೆ ಸುದ್ದಿ ಬರುತ್ತಿತ್ತು. ರಾತ್ರಿಯಿಡೀ ಕೂತು ಮಸ್ಟರ್, ಅಂದರೆ ಹಾಜರಿ ಪುಸ್ತಕ, ತುಂಬುತ್ತಿದ್ದೆವು. ಬೇರೆ ಬೇರೆ ಪೆನ್ನಿನಲ್ಲಿ ಸಹಿ.

ಮಗಳ ಹತ್ತಿರ ಅಮೆರಿಕದ ವರದಿಗಳನ್ನು ಓದಿಸಿಕೊಂಡೆ. ಅಲ್ಲಿನ ಗೃಹಭದ್ರತಾ ಇಲಾಖೆಯ ಒಳಗೇ ಇರುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಬರೆದದ್ದು, ಹೊರಗಿನ ವಿರೋಧಿಗಳು ಬರೆದದ್ದಲ್ಲ. 2018ರ ವರದಿ ಹೇಳುತ್ತದೆ, ಕೇಂದ್ರಗಳ ತಪಾಸಣೆಯನ್ನೂ ಒಂದು ಖಾಸಗಿ ಕಂಪನಿಗೆ ಕೊಟ್ಟಿದ್ದರು. ಮೂರರಿಂದ ಐದು ಜನ ಬರುವುದು, ಮೂರು ದಿನ ಇರುವುದು, 40ರ ಆಸುಪಾಸಿನಷ್ಟು ನಿಯಮ ನೋಡುವುದು. ಬರುವ ತಾರೀಕು ಮೊದಲೇ ಗೊತ್ತು. ಓದುವಾಗ ನಮ್ಮ ಮಸ್ಟರ್ ತುಂಬುವ ರಾತ್ರಿಗಳೇ ಕಣ್ಣಿಗೆ ಬಂದವು.

ಅದೇ 2018ರಲ್ಲಿ ಅದೇ ಕಚೇರಿಯವರು ಕ್ಯಾಲಿಫೋರ್ನಿಯಾದ ಅಡೆಲಾಂಟೋ ಅನ್ನುವ ಕೇಂದ್ರಕ್ಕೆ ಹೇಳದೆ ಹೋದರು. ಜಿಯೋ (GEO) ಗ್ರೂಪ್ ಅನ್ನುವ ಅಲ್ಲಿನ ದೊಡ್ಡ ಕಂಪನಿ ನಡೆಸುವ ಜಾಗ. 20 ಕೋಣೆ ನೋಡಿದರು. 15ರಲ್ಲಿ ಬೆಡ್‌ಶೀಟ್ ಹೊಸೆದು ಮಾಡಿದ ಕುಣಿಕೆ ನೇತಾಡುತ್ತಿತ್ತು. ಅದೇ ಕೇಂದ್ರದಲ್ಲಿ ಹಿಂದೆ ಒಬ್ಬರು ಹೀಗೇ ಪ್ರಾಣ ಬಿಟ್ಟಿದ್ದರು. ಆದರೂ ಯಾರೂ ತೆಗೆಸಿರಲಿಲ್ಲ. ದಿನಕ್ಕೆ ಎಷ್ಟು ಸಲ ಗಾರ್ಡ್ ಆ ಕೋಣೆಗಳ ಮುಂದೆ ಓಡಾಡಿರಬೇಕು ಲೆಕ್ಕ ಹಾಕಿ. ನಾನು ಗಾರ್ಡ್ ಆಗಿದ್ದವನು, ನನಗೆ ಗೊತ್ತು. ದಿನಾ ನೋಡಿದ್ದು ಕಣ್ಣಿಗೆ ಕಾಣುವುದು ನಿಂತುಹೋಗುತ್ತದೆ. ಅದಕ್ಕೇ ಹೊರಗಿನವನ ಕಣ್ಣು ಬೇಕು.

2019ರ ವರದಿ ಇನ್ನೊಂದು. 2015ರ ಅಕ್ಟೋಬರ್‌ನಿಂದ 2018ರ ಜೂನ್‌ವರೆಗೆ ಕಾಂಟ್ರಾಕ್ಟರ್‌ಗಳು ನಡೆಸುವ 106 ಕೇಂದ್ರಗಳಲ್ಲಿ 14,003 ಲೋಪ ದಾಖಲಾಗಿದ್ದವು. ಹಣದ ದಂಡ ಹಾಕಿದ್ದು ಎಷ್ಟು ಸಲ? ಎರಡು ಸಲ. ಆ ಹೊತ್ತಿನಲ್ಲಿ ಈ ಕಂಪನಿಗಳಿಗೆ ಕೊಟ್ಟ ಹಣ 300 ಕೋಟಿ ಡಾಲರ್‌ಗಿಂತ ಜಾಸ್ತಿ. ಲೋಪ ಬರೆದಿಟ್ಟರು, ಬಿಲ್ಲೂ ಪಾಸು ಮಾಡಿದರು.

ಡೊಂಬಿವಲಿ ತಮ್ಮಾ, ಟ್ಯಾಕ್ಸ್ ಹಣ ಅಂದೆಯಲ್ಲ, ಇದೂ ಟ್ಯಾಕ್ಸ್ ಹಣವೇ. ಸೇವೆ ಸರಿಯಾಗಿ ಕೊಡದವನಿಗೆ ಪೂರ್ತಿ ಬಿಲ್ಲು ಕೊಟ್ಟರೆ ಅದು ಉಳಿತಾಯ ಹೇಗಾಗುತ್ತದೆ?

ಇನ್ನೊಂದು ಮಾತು, ಸಿಟ್ಟಾಗಬೇಡ. 2025ರ ಫೆಬ್ರುವರಿ 5ರಂದು ಅಮೃತಸರಕ್ಕೆ ಅಮೆರಿಕದ ಮಿಲಿಟರಿ ವಿಮಾನ ಬಂತಲ್ಲ. 104 ಜನ ನಮ್ಮವರು. ಕೈಗೆ ಕೋಳ, ಕಾಲಿಗೆ ಸರಪಳಿ. ಪಾರ್ಲಿಮೆಂಟಿನಲ್ಲಿ ಗಲಾಟೆ ಆಯಿತು. ಅವರಲ್ಲಿ ಹೆಚ್ಚಿನವರು ಹೊಲ ಮಾರಿ, ಏಜೆಂಟಿಗೆ ದುಡ್ಡು ಕೊಟ್ಟು ಹೋದ ಮನೆಗಳ ಮಕ್ಕಳು. ಅವರು ಮಾಡಿದ್ದು ತಪ್ಪೇ. ಆದರೆ ಆ ಹುಡುಗರು ಅಲ್ಲಿನ ಕೋಣೆಯಲ್ಲಿದ್ದಾಗ ಹೊಟ್ಟೆನೋವು ಬಂದಿದ್ದರೆ ಡಾಕ್ಟರ್ ಬರಬೇಕಿತ್ತು ಅಲ್ವಾ?

ವಾಸ್ಕೋದವ

ಗೋವಾದಿಂದ ಬರೆಯುತ್ತಿದ್ದೇನೆ. ನಮ್ಮಪ್ಪ ಗದಗದಿಂದ ಬಂದು ಇಲ್ಲಿನ ಬಂದರಿನಲ್ಲಿ ಕೂಲಿ ಮಾಡಿದವರು. ನಾನು ಹುಟ್ಟಿದ್ದು ಇಲ್ಲೇ, ಕೊಂಕಣಿ ಸ್ಪಷ್ಟವಾಗಿ ಮಾತಾಡುತ್ತೇನೆ. ಆದರೂ ಬಾಡಿಗೆ ಮನೆ ಹಿಡಿದಾಗಲೆಲ್ಲ "ಘಾಟಿ" (ಘಟ್ಟದ ಆಚೆಯವನು) ಅಂತ ಕರೆದು ಪೇಪರ್ ಕೇಳುತ್ತಾರೆ. ಹಾಗಾಗಿ ಪೇಪರ್ ಅನ್ನುವ ಮಾತು ಕೇಳಿದರೆ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಇಲ್ಲಿ ಮಾಪುಸಾದಲ್ಲಿ ಹಳೆ ಸಬ್‌ಜೈಲು ಇತ್ತು. 2019ರಲ್ಲಿ ಅದನ್ನು ವಿದೇಶಿಯರ ಬಂಧನ ಕೇಂದ್ರ ಮಾಡಿದರು. ನಮ್ಮ ಕರ್ನಾಟಕದಲ್ಲಿ ನೆಲಮಂಗಲ ಹತ್ತಿರ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡವನ್ನು ಇದಕ್ಕೆ ತೆಗೆದುಕೊಂಡ ಹಾಗೆ. ನಾನು ಟ್ಯಾಕ್ಸಿ ಓಡಿಸುತ್ತೇನೆ. ಒಂದು ಸಲ ಒಬ್ಬ ವಿದೇಶಿ ಹೆಂಗಸು ಮಾಪುಸಾಕ್ಕೆ ಬಿಡಿ ಅಂದಳು, ಗಂಡ ಒಳಗಿದ್ದಾನೆ, ಪಾಸ್‌ಪೋರ್ಟ್ ಕಳೆದುಹೋಗಿ ವೀಸಾ ಮುಗಿದಿತ್ತು. ಒಂದು ಚೀಲದಲ್ಲಿ ಬ್ರೆಡ್ಡು, ಬಾಳೆಹಣ್ಣು, ಸೋಪು. ಭೇಟಿಗೆ ಯಾವತ್ತು ಬಿಡುತ್ತಾರೆ, ಯಾರನ್ನು ಕೇಳಬೇಕು ಅಂತ ದಾರಿಯುದ್ದಕ್ಕೂ ನನ್ನನ್ನೇ ಕೇಳುತ್ತಿದ್ದಳು. ನನಗೆ ಏನು ಗೊತ್ತು. ನಾನು ಹೊರಗೆ ಒಂದು ಗಂಟೆ ಕಾದೆ. ವೇಟಿಂಗ್ ತೆಗೆದುಕೊಳ್ಳಲಿಲ್ಲ. ವಾಪಸ್ ಬಂದಾಗ ಚೀಲ ಖಾಲಿ ಇತ್ತು, ಮುಖ ಸ್ವಲ್ಪ ಹಗುರವಾಗಿತ್ತು.

ನನಗೆ ಕಾನೂನು ಗೊತ್ತಿಲ್ಲ. ಆದರೆ ಗೇಟಿನ ಹೊರಗೆ ಒಂದು ಬೋರ್ಡ್ ಇರಲಿ. ಭೇಟಿ ಯಾವಾಗ, ದೂರು ಯಾರಿಗೆ, ಫೋನ್ ನಂಬರ್ ಯಾವುದು, ಮೂರು ನಾಲ್ಕು ಭಾಷೆಯಲ್ಲಿ. ಕಾಯುವವನು ಪೊಲೀಸಾಗಲಿ ಕಂಪನಿಯವನಾಗಲಿ, ಹೊರಗೆ ಬಂದವರಿಗೆ ಅಷ್ಟಾದರೂ ಗೊತ್ತಾಗಬೇಕು.

ಪುಣೆ ವಕೀಲೆ

ವಾಸ್ಕೋ ತಮ್ಮ, ನಿನ್ನ ಬೋರ್ಡಿನ ಮಾತು ದೊಡ್ಡ ಮಾತು. ಅದು ಮಾಡಲು ಹೊಸ ಕಾಯ್ದೆಯೂ ಬೇಡ.

ಕಮ್ಮಿ ಟ್ರೇನಿಂಗ್, ಕಮ್ಮಿ ಸಂಬಳದವರನ್ನು ಅಪಾಯದ ಕೆಲಸಕ್ಕೆ ನಿಲ್ಲಿಸುವ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಹೇಳಿದ್ದು ಇಲ್ಲಿ ನೆನಪಿಗೆ ಬರುತ್ತದೆ. 2011ರ ಜುಲೈ, ನಂದಿನಿ ಸುಂದರ್ ಪ್ರಕರಣ. ಛತ್ತೀಸ್‌ಗಢದಲ್ಲಿ ಆದಿವಾಸಿ ಹುಡುಗರಿಗೆ ತಿಂಗಳಿಗೆ 3000 ರೂಪಾಯಿ ಕೊಟ್ಟು, ಸ್ವಲ್ಪ ತರಬೇತಿ ಕೊಟ್ಟು, ವಿಶೇಷ ಪೊಲೀಸ್ ಅಧಿಕಾರಿ ಅಂತ ಹೆಸರಿಟ್ಟು ನಕ್ಸಲರ ವಿರುದ್ಧ ಕಳಿಸುತ್ತಿದ್ದರು. ಇದು 14 ಮತ್ತು 21ನೇ ವಿಧಿಗೆ ವಿರುದ್ಧ ಅಂತ ಕೋರ್ಟ್ ನಿಲ್ಲಿಸಿತು. ಅಲ್ಲಿನ ವಿಷಯ ಬೇರೆ, ಅಲ್ಲಿ ಬಂದೂಕು ಇತ್ತು. ಆದರೆ ಸರ್ಕಾರದ ಕೆಲಸವನ್ನು ಅಗ್ಗದ ಕೈಗೆ ಕೊಟ್ಟು ಸರ್ಕಾರ ಕೈತೊಳೆದುಕೊಳ್ಳಲು ಆಗುವುದಿಲ್ಲ ಅನ್ನುವ ಮಾತು ಇಲ್ಲಿಗೂ ಹೊಂದುತ್ತದೆ.

ಆಸ್ಟ್ರೇಲಿಯಾ ಕೈತೊಳೆದುಕೊಳ್ಳಲು ನೋಡಿತ್ತು. ವಲಸಿಗರನ್ನು ಪಪುವಾ ನ್ಯೂಗಿನಿಯ ಮಾನುಸ್ ದ್ವೀಪದಲ್ಲಿ ಇಟ್ಟಿತು, ಕಾವಲು ಕಂಪನಿಗಳಿಗೆ. ದೇಶವೇ ಬೇರೆ, ಕಂಪನಿಯೇ ಬೇರೆ, ನಮ್ಮ ಹೊಣೆ ಏನು ಅನ್ನುವ ಹಾಗೆ. 2014ರ ಫೆಬ್ರುವರಿಯಲ್ಲಿ ಅಲ್ಲಿನ ಗಲಭೆಯಲ್ಲಿ ರೆಜಾ ಬರಾತಿ ಅನ್ನುವ ಇರಾನಿ ಯುವಕನನ್ನು ಕೊಂದರು. ಶಿಕ್ಷೆಯಾದ ಇಬ್ಬರೂ ಆ ಕೇಂದ್ರದಲ್ಲೇ ಕೆಲಸಕ್ಕಿದ್ದವರು. 2017ರಲ್ಲಿ ಅಲ್ಲಿದ್ದ ಸುಮಾರು 1900 ಜನರ ಕೇಸ್ 7 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ರಾಜಿಯಾಯಿತು. ಕೊನೆಗೆ ಹೊಣೆ ಬಂದದ್ದು ಸರ್ಕಾರದ ಬಾಗಿಲಿಗೇ.

ಡೊಂಬಿವಲಿ ಫಾಸ್ಟ್

ಎಲ್ಲ ಓದಿದೆ. ಲೋಕಲ್‌ನಲ್ಲಿ ನಿಂತುಕೊಂಡೇ ಓದಿದೆ. ವಾಪಸ್ ಕಳಿಸಬೇಕು ಅನ್ನುವುದರಲ್ಲಿ ನನ್ನ ಮನಸ್ಸು ಬದಲಾಗಿಲ್ಲ, ಬೇಗ ಕಳಿಸಬೇಕು. ಆದರೆ 14,003ಕ್ಕೆ ಎರಡು ದಂಡ ಅನ್ನುವುದು ನನ್ನ ಆಫೀಸಿನಲ್ಲಿ ನಡೆದಿದ್ದರೆ ಅಕೌಂಟ್ಸ್‌ನವರ ಕೆಲಸ ಹೋಗುತ್ತಿತ್ತು. ಅದನ್ನು ಒಪ್ಪುತ್ತೇನೆ. ನರ್ಸ್ ಅಕ್ಕ ಹೇಳಿದ ವಿಮಾನದ ವಿಷಯ ತಲೆಯಿಂದ ಹೋಗುತ್ತಿಲ್ಲ.

ಒಂದು ಸಂಶಯ. ನಮ್ಮ ಮಹಾರಾಷ್ಟ್ರದಲ್ಲಿ ಗಾರ್ಡ್‌ಗಳಿಗೆ ಬೋರ್ಡ್ ಇದೆ ಅಂತ ಕೇಳಿದ್ದೆ. ಅದು ಏನು?

ಚೆಂಬೂರಿನವ

ಇದೆ ತಮ್ಮಾ. 1981ರ ಮಹಾರಾಷ್ಟ್ರ ಖಾಸಗಿ ಭದ್ರತಾ ಗಾರ್ಡ್ ಕಾಯ್ದೆ. ಬೃಹನ್ಮುಂಬೈ ಮತ್ತು ಠಾಣೆ ಜಿಲ್ಲೆಗೆ ಒಂದು ಸೆಕ್ಯೂರಿಟಿ ಗಾರ್ಡ್ ಬೋರ್ಡ್. ಕೆಲಸ ಕೊಡುವವನು ಸಂಬಳ ಮತ್ತು ಲೆವಿ ಬೋರ್ಡಿಗೆ ಕಟ್ಟುತ್ತಾನೆ, ಬೋರ್ಡ್ ಗಾರ್ಡ್‌ಗೆ ಕೊಡುತ್ತದೆ. ಮಧ್ಯೆ ಕತ್ತರಿ ಇಲ್ಲ. ನಮ್ಮಲ್ಲಿ "ಅವನು ಬೋರ್ಡ್ ಗಾರ್ಡ್" ಅಂದರೆ ಮದುವೆಗೆ ಹೆಣ್ಣು ಕೊಡುತ್ತಿದ್ದರು. 26/11 ಆದಮೇಲೆ 2010ರಲ್ಲಿ ರಾಜ್ಯವೇ ಒಂದು ಭದ್ರತಾ ನಿಗಮ ಮಾಡಿತು, ಅದೂ ಇದೆ. ಅಂದರೆ ಸರ್ಕಾರಕ್ಕೆ ಮನಸ್ಸು ಬಂದರೆ ಗಾರ್ಡ್‌ನ ಕೆಲಸವನ್ನು ತನ್ನ ಕಣ್ಣಿನ ಕೆಳಗೆ ಇಟ್ಟುಕೊಳ್ಳಲು ಬರುತ್ತದೆ. ನಮ್ಮ ರಾಜ್ಯಕ್ಕೆ ಅದು ಹೊಸದಲ್ಲ.

ಅಮೆರಿಕದಲ್ಲಿ ಮಾತ್ರ ಹಿಂದಕ್ಕೆ ಹೋಗುತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ ಬಂಧಿತರ ದೂರು ಕೇಳುವ ಒಂಬುಡ್ಸ್‌ಮನ್ ಕಚೇರಿಯ ಸಿಬ್ಬಂದಿಯನ್ನೇ ತೆಗೆದುಹಾಕುವ ಆದೇಶ ಬಂತು. ಜನರನ್ನು ಜಾಸ್ತಿ ಹಿಡಿಯುವ ಹೊತ್ತಿನಲ್ಲೇ ದೂರು ಕೇಳುವವರನ್ನು ಕಮ್ಮಿ ಮಾಡಿದರು. ಮಗಳು ಓದಿ ಹೇಳಿದಾಗ ನಾನು ಎದ್ದು ಬಾಲ್ಕನಿಗೆ ಹೋದೆ.

ನಾನು ಒಂದು ಮಾಹಿತಿ ಹಕ್ಕು ಅರ್ಜಿ ಹಾಕಬೇಕು ಅಂತ ಇದ್ದೇನೆ. ರಾಜ್ಯದ ಗೃಹ ಇಲಾಖೆಗೆ. ವಕೀಲೆ ಮೇಡಂ, ಮರಾಠಿಯಲ್ಲಿ ಬರೆದುಕೊಡುತ್ತೀರಾ? ನನಗೆ ಮಾತು ಬರುತ್ತದೆ, ಅರ್ಜಿ ಭಾಷೆ ಬರುವುದಿಲ್ಲ. ಹನ್ನೊಂದು ಪ್ರಶ್ನೆ ಬರೆದಿಟ್ಟಿದ್ದೇನೆ.

ಪುಣೆ ವಕೀಲೆ

ಬರೆದುಕೊಡುತ್ತೇನೆ ಸರ್, ಖಂಡಿತ. ಆದರೆ ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಫೀಸು 10 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು. ಹನ್ನೊಂದರಲ್ಲಿ ಮುಖ್ಯವಾದದ್ದು ಆರಿಸಿ ಕಳಿಸಿ. ಉಳಿದವಕ್ಕೆ ಬೇರೆ ಅರ್ಜಿ ಹಾಕೋಣ.

ಚೆಂಬೂರಿನವ

ಆರಿಸಿದೆ ಮೇಡಂ. ಕನ್ನಡದಲ್ಲೇ ಹಾಕುತ್ತೇನೆ, ನೀವು ತಿರುಗಿಸಿ.

ಕಳೆದ ಐದು ವರ್ಷದಲ್ಲಿ ಖಾಸಗಿ ಭದ್ರತಾ ಏಜೆನ್ಸಿಗಳ ಮೇಲೆ ಎಷ್ಟು ತಪಾಸಣೆ ಆಗಿದೆ. ಅದರಲ್ಲಿ ಮೊದಲೇ ತಿಳಿಸಿ ಹೋದದ್ದು ಎಷ್ಟು, ತಿಳಿಸದೆ ಹೋದದ್ದು ಎಷ್ಟು. ರಾತ್ರಿ ಹತ್ತರಿಂದ ಬೆಳಗ್ಗೆ ಆರರ ನಡುವೆ ಆದದ್ದು ಎಷ್ಟು. ತಪಾಸಣೆಯ ನಂತರ ರದ್ದಾದ ಲೈಸೆನ್ಸ್ ಎಷ್ಟು. ತಪಾಸಣೆ ಮಾಡಿದ ಅಧಿಕಾರಿ ಗಾರ್ಡ್‌ನ ಡ್ಯೂಟಿ ಬುಕ್ ತೆರೆದು ನೋಡಿ ಸಹಿ ಮಾಡಬೇಕು ಅನ್ನುವ ಆದೇಶ ಇದೆಯಾ, ಇದ್ದರೆ ಅದರ ಪ್ರತಿ ಕೊಡಿ.

ಕೊನೆಯದನ್ನು ಮಾತ್ರ ಬಿಡಬೇಡಿ ಮೇಡಂ, ಪದ ಜಾಸ್ತಿ ಆದರೆ ಬೇರೆ ಯಾವುದಾದರೂ ತೆಗೆಯಿರಿ.